ಟಿಯಾಮಿಕೆಯ ಜ್ವರ, ನಾದಿನಿಯ ಕೆಮ್ಮು

“ನನ್ನ ಜ್ವರದ ಕಾವಿಗೆ ಹೊಟ್ಟೆ ಮೇಲಿಟ್ಟ ಜೋಳದ ಹಿಟ್ಟು ಬೆಂದು ಮುದ್ದೆ ಆಗ್ತಿತ್ತು ಕಣೆ,” ಎಂದಳು ಟಿಯಾಮಿಕೆ, ಬ್ಲಾಂಟೈರ್ ಊರಿನ ಎಚ್‌ಐವಿ ಕ್ಲಿನಿಕ್ಕಿನ ಇಡೀ ಬೆಂಚಿಗೆ ಕೇಳುವಂತೆ.

“ಕೊನೆಗೆ ಏನಂತಕ್ಕಾ?” ಪಕ್ಕದ ಮನೆಯ ತೊಕೊ ಕೇಳಿದಳು.

“ಮಲೇರಿಯಾ ಅಲ್ವಂತೆ. ಎಚ್‌ಐವಿ ಇರೋರಿಗೆ ಟಿಬಿ ಇದ್ರೆ ಉಚ್ಚೇಲೂ ಗೊತ್ತಾಗುತ್ತಂತೆ, ಆ ಪರೀಕ್ಷೇಲಿ ನಂಗೆ ಟಿಬಿ ಸಿಕ್ತು. ಮಾಟದ ಜ್ವರ ಅಂತ ನಾದಿನಿ ಎನೆಲೆಸ್ ನನ್ನ ಚಾಪೇನ ಕೋಳಿಗೂಡಿಗೆ ಎಸೆದಿದ್ಲಲ್ಲ, ಈಗ ಅವಳೂ ಕೆಮ್ತಿದಾಳೆ.”

“ನರ್ಸಮ್ಮಂಗೆ ಹೇಳಿದ್ಯಾ?”

“ಮನೇಲಿ ಯಾರೂ ಕೆಮ್ಮಲ್ಲ ಅಂದೆ. ಕೆಮ್ಮಿ ಕೆಮ್ಮಿ ಸಾಯ್ಲಿ ಅವಳು.”

“ಮತ್ತೆ ಅಲ್ಲಿ ಟಿಬಿ ಪರೀಕ್ಷೆಗೆ ಕಫ ಕೊಡೋ ಸಾಲಲ್ಲಿ ನಿಂತಿರೋಳು ಎನೆಲೆಸ್ ಅಲ್ವಾ?”

ಟಿಯಾಮಿಕೆ ತಲೆವಸ್ತ್ರ ಬಿಗಿದುಕೊಂಡಳು.

“ನಾನೇ ಎಳ್ಕೊಂಡ್ ಬಂದೆ. ಆಗ ಅಂದಿದ್ದು ಸುಳ್ಳು ಕಣೆ, ನರ್ಸಮ್ಮ ಕೇಳಿದಾಗ ಮೊದಲು ಅವಳ ಹೆಸರೇ ಹೇಳಿದ್ದು. ಅವಳು ಸತ್ರೆ ನಾನು ಯಾರ ಮೇಲೆ ಸೇಡು ತೀರಿಸ್ಕೊಳ್ಲಿ?”

ಒಳಗಿಂದ ಎನೆಲೆಸ್‌ಗೆ ಕರೆ ಬಂತು. ಟಿಯಾಮಿಕೆ ಎದ್ದು ನಾದಿನಿಯ ಜೊತೆಗೇ ಒಳಗೆ ಹೋದಳು.