ಸೊಸೆಯ ಜೇಬಿನಲ್ಲಿ ಉಳಿದ ಕೀ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಫ್ಯಾನಿನ ಕೆಳಗೆ ಕೂತಿರುವ ಅತಿಥಿಗಳೇ, ಫ್ಯಾನಿಲ್ಲದ ಕಡೆ ಕೂತಿರುವ ಸಭಿಕರೇ,

ಮೊದಲಿಗೆ ಒಂದು ತಕರಾರು. ನನಗೆ ಮಾತಾಡಲು ಬರುತ್ತದೆ, ಬರೆಯಲು ಬರುವುದಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಶಾಲೆ ನನ್ನನ್ನು ಬಿಟ್ಟಿತು, ನಾನೂ ಅದನ್ನು ಬಿಟ್ಟೆ. ಇಬ್ಬರಿಗೂ ನಷ್ಟವಾಗಲಿಲ್ಲ. ಹೀಗಿರುವಾಗ ನಿಮ್ಮ ಕಾರ್ಯದರ್ಶಿಗಳು ಮನೆಗೆ ಬಂದು, "ಬರ್ಕೊಂಡೇ ಬರ್ಬೇಕು ಯಜಮಾನ್ರೇ, ಬಾಯಿಗೆ ಬಂದ್ಹಾಗೆ ಮಾತಾಡೋ ಹಾಗಿಲ್ಲ" ಅಂದರು. ನಾನು ಬಾಯಿಗೆ ಬಂದ ಹಾಗೆ ಮಾತಾಡುತ್ತೇನೆಂದು ಇವರಿಗೆ ಹೇಳಿದವರು ಯಾರು? ಹೇಳಿದವರ ಹೆಸರು ಗೊತ್ತಾದರೆ ಅವರ ಬಗ್ಗೆಯೂ ನಾಲ್ಕು ಮಾತು ಬರೆದುಕೊಂಡು ಬರುತ್ತಿದ್ದೆ.

ವಿಷಯವನ್ನೂ ಅವರೇ ಕೊಟ್ಟರು. "ಹೆದ್ದಾರಿಗಳಲ್ಲಿ ವಾಹನ ದಟ್ಟಣೆಗೆ ಸಾಮಾನ್ಯ ಕಾರಣಗಳು." ಸನ್ಮಾನಕ್ಕೆ ಕರೆದು ಪರೀಕ್ಷೆ ಬರೆಸುವ ಇಲಾಖೆ ಇದೊಂದೇ ಇರಬೇಕು.

ಊಟದ ಮೇಜಿನ ಮುಂದೆ ಕೂತು ಬರೆದೆ. ಸೊಸೆ ಹಿಂದಿನಿಂದ ಬಗ್ಗಿ ನೋಡಿ, "ಕೊಡಿ ಮಾವ, ನಾನ್ ಬರ್ದುಕೊಡ್ತೀನಿ. ನಿಮ್ ಅಕ್ಷರ ನಾಳೆ ನಿಮಗೇ ಓದೋಕಾಗಲ್ಲ" ಅಂದಳು. ಕೊಡಲಿಲ್ಲ. ಅವಳು ಪೂರ್ತಿ ಓದಿದ್ದರೆ ಈ ಹಾಳೆಯಲ್ಲಿ ಅರ್ಧಕ್ಕೆ ಅರ್ಧ ಹೊಡೆದುಹಾಕುತ್ತಿದ್ದಳು.

ಈ ಸೊಸೆ ಯಾರೆಂದು ಇಲಾಖೆಯವರಿಗೆ ಗೊತ್ತು. ಹೊರಗಿನಿಂದ ಬಂದವರಿಗಾಗಿ ಹೇಳುತ್ತೇನೆ. ಹೆದ್ದಾರಿಯಲ್ಲಿ ಕೆಟ್ಟು ನಿಂತ ಗಾಡಿಗಳನ್ನು ಎಳೆಯುವ ಕ್ರೇನನ್ನು ಮೊದಲು ಓಡಿಸುತ್ತಿದ್ದವನು ನಾನು. ನಾನು ನಿವೃತ್ತನಾದ ಮೇಲೆ ಅದನ್ನು ಓಡಿಸುತ್ತಿದ್ದವಳು ಅವಳು. ಎರಡು ತಿಂಗಳಿಂದ ಮನೆಯಲ್ಲಿದ್ದಾಳೆ. "ವಿಚಾರಣೆ ಮುಗಿಯುವವರೆಗೆ ಕೆಲಸಕ್ಕೆ ಹಾಜರಾಗತಕ್ಕದ್ದಲ್ಲ" ಎಂದು ಇಲಾಖೆಯ ಆದೇಶ. ಮುಗಿಯುವ ಮಾತು ಹಾಗಿರಲಿ, ವಿಚಾರಣೆ ಇನ್ನೂ ಶುರುವೇ ಆಗಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ. ಕೊಟ್ಟ ವಿಷಯ ಮೊದಲು.

ದಟ್ಟಣೆಗೆ ಕಾರಣವೇನು? ಕೆಟ್ಟು ನಿಂತ ಗಾಡಿ ಅನ್ನುತ್ತೀರಿ. ತಪ್ಪು. ಕೆಟ್ಟ ಗಾಡಿ ಪಾಪ, ಒಂದು ಮೂಲೆಯಲ್ಲಿ ತನ್ನ ಪಾಡಿಗೆ ಬಿದ್ದಿರುತ್ತದೆ. ಅದು ಯಾರಿಗೂ ಹಾರ್ನ್ ಹೊಡೆಯುವುದಿಲ್ಲ, ಯಾರ ಸಂದಿಯಲ್ಲೂ ನುಗ್ಗುವುದಿಲ್ಲ. ದಟ್ಟಣೆ ಮಾಡುವುದು ಚೆನ್ನಾಗಿರುವ ಗಾಡಿಗಳು.

ನೋಡುವವರ ವಿಷಯ ತೆಗೆದುಕೊಳ್ಳಿ. ಒಮ್ಮೆ ಪ್ಲಾಸ್ಟಿಕ್ ಬಕೆಟ್ ತುಂಬಿದ ಲಾರಿಯೊಂದು ಮಗುಚಿತು. ಯಾರಿಗೂ ಏನೂ ಆಗಲಿಲ್ಲ. ಡ್ರೈವರ್ ಒಂದು ಬಕೆಟ್ಟನ್ನು ಬೋರಲು ಹಾಕಿಕೊಂಡು ಅದರ ಮೇಲೆಯೇ ಕೂತಿದ್ದ. ಲಾರಿ ಬಿದ್ದದ್ದು ಈ ಕಡೆ. ದಟ್ಟಣೆ ಆದದ್ದು ಆ ಕಡೆ, ನಡುವಿನ ಗೋಡೆಯ ಆಚೆ, ಒಂದೇ ಒಂದು ಬಕೆಟ್ ಕೂಡ ಬೀಳದ ಜಾಗದಲ್ಲಿ! ಪ್ರತಿಯೊಬ್ಬನೂ ನಿಧಾನ ಮಾಡಿ ಕತ್ತು ಚಾಚಿ, "ಎಷ್ಟ್ ಜನ ಹೋದ್ರು?" ಎಂದು ಕೇಳಿದ. ಯಾರೂ ಹೋಗಿಲ್ಲ ಅಂದರೆ ಮುಖ ಸಣ್ಣಗೆ ಮಾಡಿಕೊಂಡು ಮುಂದೆ ಹೋದ. ಒಬ್ಬ ಮಹಾಶಯ ಫೋನು ಹಿಡಿದು, "ಅಜ್ಜ, ಸ್ವಲ್ಪ ಪಕ್ಕಕ್ಕೆ ಸರೀರಿ, ನೀವು ಅಡ್ಡ ಬರ್ತಿದೀರ" ಅಂದ. ಎಳೆಯಲು ಬಂದವನು ನಾನು. ಅಡ್ಡ ಬಂದವನೂ ನಾನೇ.

ಇನ್ನು ಬ್ರೇಕು. ಮುಂದಿನವನು ಫೋನು ನೋಡುತ್ತಾ ಬೆಚ್ಚಿಬಿದ್ದು ಒಂಚೂರು ಬ್ರೇಕ್ ಒತ್ತುತ್ತಾನೆ. ಹಿಂದಿನವನು ಜಾಸ್ತಿ ಒತ್ತುತ್ತಾನೆ. ಅವನ ಹಿಂದಿನವನು ಇನ್ನೂ ಜಾಸ್ತಿ. ಬಹಳ ಹಿಂದೆ ಇರುವವನು ಪೂರ್ತಿ ನಿಂತು, ಇಳಿದು, ಸೊಂಟಕ್ಕೆ ಕೈ ಕೊಟ್ಟುಕೊಂಡು ಮುಂದೆ ಏನಾಯಿತೆಂದು ಕೇಳುತ್ತಾನೆ. ಏನೂ ಆಗಿಲ್ಲ. ಏನೂ ಆಗದೆ ಅಷ್ಟು ಜನ ನಿಂತಿದ್ದಾರೆ. ಮುಂದಿನವನ ಬಾಲಕ್ಕೆ ಅಂಟಿಕೊಂಡು ಹೋಗದೆ ಒಂದು ಗಾಡಿಯಷ್ಟು ಜಾಗ ಬಿಟ್ಟಿದ್ದರೆ ಯಾರೂ ನಿಲ್ಲಬೇಕಿರಲಿಲ್ಲ. ಆದರೆ ಜಾಗ ಬಿಟ್ಟರೆ ಪಕ್ಕದವನು ಮೂಗು ತೂರಿಸುತ್ತಾನೆ. ಅವನು ತೂರಿಸಿಯಾನೆಂದು ಇವನು ಬಿಡುವುದಿಲ್ಲ, ಇವನು ಬಿಡುವುದಿಲ್ಲವೆಂದು ಅವನು ಇನ್ನಷ್ಟು ತೂರಿಸುತ್ತಾನೆ. ಇದಕ್ಕೆ ರಸ್ತೆ ಅಗಲ ಮಾಡಿ ಏನು ಪ್ರಯೋಜನ?

ಬಸ್ಸುಗಳು. ಬಸ್ಸು ನಿಲ್ಲಲೆಂದೇ ಪಕ್ಕದಲ್ಲಿ ಜಾಗ ಮಾಡಿಕೊಟ್ಟಿದ್ದೀರಿ. ಬಸ್ಸು ಮಾತ್ರ ರಸ್ತೆಯ ನಡುವೆಯೇ ನಿಲ್ಲುತ್ತದೆ. ಒಬ್ಬ ಡ್ರೈವರನನ್ನು ಕೇಳಿದೆ. "ಜನ ಎಲ್ಲಿ ನಿಂತಿರ್ತಾರೋ ಅಲ್ಲಿ ತಾನೇ ನಿಲ್ಸೋದು, ಯಜಮಾನ್ರೇ?" ಅಂದ. ಜನರನ್ನು ಕೇಳಿದೆ. "ಬಸ್ಸು ಎಲ್ಲಿ ನಿಲ್ಲುತ್ತೋ ಅಲ್ಲಿ ತಾನೇ ನಾವು ನಿಲ್ಲೋದು?" ಅಂದರು. ಇಬ್ಬರೂ ಸರಿ. ನಾನೇ ದಡ್ಡ.

ಏರಿನಲ್ಲಿ ತುಂಬಿದ ಲಾರಿಯನ್ನು ತುಂಬಿದ ಲಾರಿಯೇ ಹಿಂದೆ ಹಾಕಲು ಹೋಗುವುದನ್ನು ನೀವೆಲ್ಲ ನೋಡಿದ್ದೀರಿ. ಆ ಏರು ಮುಗಿಯುವಷ್ಟರಲ್ಲಿ ಹಿಂದಿದ್ದವರಿಗೆ ವಯಸ್ಸಾಗಿರುತ್ತದೆ. ಆಮೇಲೆ ಅಗೆತ. ಅಗೆಯುವವರು ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ, ಅದಕ್ಕೇ ಮೆತ್ತಗೆ ಹೇಳುತ್ತೇನೆ: ಕೆಲಸ ಮುಗಿದ ಮೇಲೆ ಆ ಕಿತ್ತಳೆ ಬಣ್ಣದ ಟೋಪಿಗಳನ್ನು ರಸ್ತೆಯಿಂದ ಎತ್ತಿಕೊಂಡು ಹೋಗಿ. ಅವು ಅಲ್ಲೇ ಬೇರು ಬಿಡುತ್ತಿವೆ.

ಈಗ ಸೇತುವೆಯ ಬಾಯಿ. ಮೂರು ಸಾಲು ಎರಡಾಗುವ ಜಾಗ. ಅಲ್ಲಿ ಗಾಡಿ ಕೆಟ್ಟರೆ ಹೇಗೆ ಎಳೆಯಬೇಕು? ನಿಯಮ ಹೇಳುತ್ತದೆ, ಒಂದು ಸಾಲು ಬಿಟ್ಟುಕೊಟ್ಟು, ಜನ ಹೋಗುತ್ತಿರುವಂತೆಯೇ ಎಳೆಯಬೇಕು ಎಂದು. ನಾನು ಕೆಲಸದಲ್ಲಿ ಇದ್ದಷ್ಟು ಕಾಲ ಹಾಗೇ ಎಳೆದೆ. ನನ್ನ ಜೊತೆಗಾರನೊಬ್ಬನಿದ್ದ, ಕೊಕ್ಕೆ ಹಾಕುವವನು. ಅವನನ್ನು ನಾವು ಕೊಕ್ಕೆ ಅಂತಲೇ ಕರೆಯುತ್ತಿದ್ದೆವು. ಬಹಳ ನಗುವ ಮನುಷ್ಯ. ಉಕ್ಕಿನ ಹಗ್ಗ ಬಿಗಿಯುತ್ತಿರುವಾಗ, ಬಿಟ್ಟುಕೊಟ್ಟ ಸಾಲಿನಿಂದ ಸ್ಕೂಟರೊಂದು ಸಂದಿ ಸಿಕ್ಕಿತೆಂದು ಈ ಕಡೆ ನುಗ್ಗಿತು. ಹಗ್ಗಕ್ಕೆ ಬಡಿಯಿತು. ಗಾಡಿಗೆ ಹಾಕಿದ್ದ ಕೊಕ್ಕೆ ಜಾರಿತು. ಅವನ ಎಡಗಾಲು ಮಂಡಿಯಿಂದ ಕೆಳಗೆ ಹೋಯಿತು. ನಿಯಮದ ಪ್ರಕಾರ ಸಾಲು ಬಿಟ್ಟಿದ್ದರಿಂದ ನನ್ನದೇನೂ ತಪ್ಪಿಲ್ಲವೆಂದು ವರದಿ ಬಂತು. ಇವತ್ತು ನೀವು ಕೊಟ್ಟ ಫಲಕದಲ್ಲಿಯೂ "ಕಪ್ಪುಚುಕ್ಕೆ ಇಲ್ಲದ ಸೇವೆ" ಎಂದು ಕೆತ್ತಿಸಿದ್ದೀರಿ. ಆಯಿತು. ಅವನನ್ನು ಈ ಸಭೆಗೆ ಕರೆದಿದ್ದೀರಾ? ಇಲ್ಲ. ನಾನು ಕರೆದೆ. ಬರಲಿಲ್ಲ.

ಮುಂದಕ್ಕೆ ಹೋಗೋಣ.

ಸೊಸೆ ನಮ್ಮ ಮನೆಗೆ ಬರುವ ಮೊದಲು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಗಾಡಿ ಓಡಿಸುತ್ತಿದ್ದಳು. ನನ್ನ ಮಗ ಆಸ್ಪತ್ರೆಯಲ್ಲಿ ನರ್ಸು. ರಕ್ತ ನೋಡಿದರೆ ಹೆದರುವುದಿಲ್ಲ, ಕ್ರೇನ್ ಹತ್ತಿಸಿದರೆ ವಾಂತಿ ಮಾಡಿಕೊಳ್ಳುತ್ತಾನೆ. ಹಾಗಾಗಿ ನನ್ನ ಸೀಟಿಗೆ ಅರ್ಜಿ ಹಾಕಿದವಳು ಅವಳು. ಪರೀಕ್ಷೆಯ ದಿನ ಕ್ರೇನನ್ನು ಎರಡು ಲಾರಿಗಳ ನಡುವೆ ಹಿಂದಕ್ಕೆ ತಂದು ನಿಲ್ಲಿಸಿದಳು. ನಾನು, "ಪರವಾಗಿಲ್ಲ" ಅಂದೆ. ಅವಳು, "ಮಾವ, ಇದಕ್ಕೇ ನೀವು ಮೂರು ಸಲ ಹಿಂದೆ ಮುಂದೆ ಮಾಡ್ತಿದ್ರಂತೆ?" ಅಂದಳು. ಆಮೇಲೆ ಬಹಳ ದಿನ ನಾವು ಉಪ್ಪು ಬೇಕಾದಾಗ ಮಾತ್ರ ಮಾತಾಡಿದೆವು.

ಅವಳ ವಿಧಾನ ಬೇರೆ. ಸಾಲು ಗೀಲು ಬಿಡುವುದಿಲ್ಲ, ಪೂರ್ತಿ ನಿಲ್ಲಿಸುತ್ತಾಳೆ. ಪೊಲೀಸರು ಬರುವ ತನಕ ಕಾಯದೆ, ನಿಂತವುಗಳಲ್ಲಿ ಎಲ್ಲಕ್ಕಿಂತ ಮುಂದಿರುವ ಗಾಡಿಗಳ ಹತ್ತಿರ ಹೋಗಿ ಕೀ ಕೇಳುತ್ತಾಳೆ. ಹೌದು, ಕೀ. ಜೇಬಿಗೆ ಹಾಕಿಕೊಳ್ಳುತ್ತಾಳೆ. ಎಳೆಯುತ್ತಾಳೆ. ವಾಪಸು ಕೊಡುತ್ತಾಳೆ. ಇದನ್ನು ಕೇಳಿದ ದಿನ ನಾನು ಊಟ ಬಿಟ್ಟು ಎದ್ದೆ.

"ಕಂಡೋರ ಕೀ ಕಿತ್ಕೊಳ್ಳೋಕೆ ನೀನೇನು ಪೊಲೀಸಾ?"

"ಕಿತ್ಕೊಳ್ಳಲ್ಲ ಮಾವ, ಕೇಳ್ತೀನಿ. ಕೊಡ್ತಾರೆ."

"ಕೊಡಲ್ಲ ಅಂದ್ರೆ?"

"ಪಕ್ಕದವರು ಕೊಟ್ಟಿರ್ತಾರಲ್ಲ, ನಾಚಿಕೆಗೆ ಕೊಡ್ತಾರೆ."

"ಬಾಯಲ್ಲಿ ನಿಲ್ಸಿ ಅಂದ್ರೆ ಸಾಲ್ದಾ?"

"ಬಾಯಿ ಮಾತಿಗೆ ನಿಂತ ಗಾಡಿ ನಾನು ಬೆನ್ನು ತಿರುಗಿಸಿದ ತಕ್ಷಣ ತೆವಳುತ್ತೆ ಮಾವ. ನಿಮಗೆ ಗೊತ್ತಲ್ಲ."

ಗೊತ್ತು. ನಾನು ಕೂತು ಊಟ ಮುಗಿಸಿದೆ.

ಅದು ಸರಿಯೋ ತಪ್ಪೋ? ನಿಯಮದ ಪುಸ್ತಕದಲ್ಲಿ ಖಂಡಿತ ತಪ್ಪು. ಬೇರೆಯವರ ಕೀ ತೆಗೆದುಕೊಳ್ಳುವ ಹಕ್ಕು ಅವಳಿಗಿಲ್ಲ. ಅವಳ ಪರವಾಗಿ ವಕಾಲತ್ತು ಹಾಕಲು ನಾನು ನಿಂತಿಲ್ಲ. ಆದದ್ದನ್ನು ಹೇಳುತ್ತೇನೆ.

ಸೇತುವೆಯ ಬಾಯಲ್ಲಿ, ಮಧ್ಯಾಹ್ನ, ಸಿಮೆಂಟ್ ಲಾರಿಯ ಆಕ್ಸಲ್ ಮುರಿಯಿತು. ಮುಂದಿನ ಸಾಲಿನಲ್ಲಿ ಒಂದು ಲಾರಿ, ಒಂದು ಬಸ್ಸು, ಒಂದು ಕಾರು. ಸೊಸೆ ಮೂರೂ ಕೀ ತೆಗೆದುಕೊಂಡಳು. ಕಾರಿನ ಡ್ರೈವರ್ ಕೀ ಕೊಟ್ಟು, ಹೇಗೂ ನಿಂತಿದ್ದೇವಲ್ಲ ಎಂದು ಪೊದೆಯ ಮರೆಗೆ ಹೋದ. ಸಹಜ. ಸಿಮೆಂಟ್ ಲಾರಿ ಆಚೆ ಬಂತು. ಅದನ್ನು ತೂಗುಹಾಕಿಕೊಂಡ ಕ್ರೇನು ಸೇತುವೆ ಬಿಟ್ಟು ಹೊರಡಬೇಕು. ಅವಳು ಇಳಿದು ಓಡಿ ಲಾರಿಯವನಿಗೆ ಕೀ ಕೊಟ್ಟಳು, ಬಸ್ಸಿನವನಿಗೆ ಕೊಟ್ಟಳು. ಕಾರಿನ ಹತ್ತಿರ ಬಂದರೆ ಡ್ರೈವರ್ ಇಲ್ಲ. ಹಿಂದಿನ ಸೀಟಿನಲ್ಲಿ ಸಾಹೇಬರೊಬ್ಬರು ಗಾಜು ಏರಿಸಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದರು. ಇವಳು ಗಾಜು ತಟ್ಟಿದಳು. ಅವರು ನೋಡದೆಯೇ "ಹೋಗು ಹೋಗು" ಎಂದು ಕೈ ಬೀಸಿದರು. ಮತ್ತೆ ತಟ್ಟಿದಳು. ಮತ್ತೆ ಬೀಸಿದರು. ಏನನ್ನೋ ಮಾರಲು ಬಂದಿದ್ದಾಳೆ ಅಂದುಕೊಂಡಿರಬೇಕು. ಅಷ್ಟರಲ್ಲಿ ಹಿಂದಿನವರೆಲ್ಲ ಹಾರ್ನ್ ಒತ್ತಿ ಹಿಡಿದಿದ್ದರು, ಕ್ರೇನಿನಲ್ಲಿ ತುಂಬಿದ ಲಾರಿ ತೂಗುತ್ತಿತ್ತು. ಹೋಗು ಅಂದರಲ್ಲ, ಇವಳು ಹೋದಳು. ಕೀ ಜೇಬಿನಲ್ಲೇ ಹೋಯಿತು.

ಪೊದೆಯಿಂದ ಬಂದ ಡ್ರೈವರನಿಗೆ ಕಾರಿತ್ತು, ಸಾಹೇಬರಿದ್ದರು, ಕೀ ಇರಲಿಲ್ಲ. ಕೀ ಇಲ್ಲದೆ ಸ್ಟೀರಿಂಗು ತಿರುಗದ, ತಳ್ಳಲೂ ಬಾರದ ಆ ಕಾರು ಸೇತುವೆಯ ಬಾಯಿಯ ನಟ್ಟನಡುವೆ ಬಿರಡೆಯ ಹಾಗೆ ಕೂತಿತು. ಅವಳು ಲಾರಿ ಇಳಿಸಿ ಕೀ ಹಿಡಿದು ವಾಪಸು ಬರುವ ಹೊತ್ತಿಗೆ ಕತ್ತಲಾಗಿತ್ತು, ಅಲ್ಲಿಯ ತನಕ ಹೆದ್ದಾರಿ ಅಲ್ಲಾಡಲಿಲ್ಲ.

ಆ ಸಾಹೇಬರು ಯಾರೆಂದು ಇಲಾಖೆಯಲ್ಲಿ ಎಲ್ಲರಿಗೂ ಗೊತ್ತು. ಇವತ್ತಿನ ಸಭೆಯ ಅಧ್ಯಕ್ಷರು. ನಮ್ಮ ವಿಭಾಗದ ಮುಖ್ಯಸ್ಥರು. ಅವಳ ಆದೇಶಕ್ಕೆ ಸಹಿ ಹಾಕಿದವರೂ ಅವರೇ. ಸಾಹೇಬರೇ, ನೀವು ಕೈ ಬೀಸಿದ್ದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವಳು ಹೇಳಿಕೆಯಲ್ಲಿ ಬರೆದುಕೊಟ್ಟಿಲ್ಲ. ನನಗೆ ಹೇಳಿದ್ದೇ ತರಕಾರಿ ಹೆಚ್ಚುತ್ತಾ, ಬಾಯಿ ತಪ್ಪಿ. "ಅದನ್ನ ಬರೀಬೇಕಿತ್ತು ಕಣೇ" ಅಂದೆ. "ಯಾಕೆ ಮಾವ? ಕೀ ಅವರ ಕೈಯಲ್ಲಿತ್ತಾ, ನನ್ ಜೇಬಲ್ಲಿತ್ತಾ? ನೀವೆಲ್ಲೂ ಬಾಯಿ ಬಿಡಬೇಡಿ" ಅಂದಳು. ಇಗೋ, ಬಿಟ್ಟೆ. ಹಿಂದಿನ ಸಾಲಿನಲ್ಲಿ ಕೂತು ನನ್ನನ್ನು ದುರುಗುಟ್ಟಿ ನೋಡುತ್ತಿದ್ದಾಳೆ. ನೋಡಲಿ. ಮನೆಗೆ ಹೋದ ಮೇಲೆ ಉಪ್ಪಿಗೂ ಮಾತಿರುವುದಿಲ್ಲ.

ಕೈ ಬೀಸಿದ್ದು ನಿಮ್ಮ ತಪ್ಪು ಅನ್ನುತ್ತಿಲ್ಲ. ಗಾಜು ಏರಿಸಿಕೊಂಡ ಎಲ್ಲರೂ ಬೀಸುತ್ತಾರೆ. ಅವಳ ತಪ್ಪು ಇಲ್ಲವೆಂದೂ ಅನ್ನುತ್ತಿಲ್ಲ. ಶಿಕ್ಷೆ ಕೊಡಿ. ಇನ್ನು ಮುಂದೆ ಕೀ ಮುಟ್ಟಕೂಡದು ಅನ್ನಿ, ಮುಟ್ಟುವುದಿಲ್ಲ. ಬೇಡವೇ ಬೇಡ, ಹೋಗು ಅನ್ನಿ, ಹೋಗುತ್ತಾಳೆ. ನೀವು ಮಾಡುತ್ತಿರುವುದೇನು? ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಒಳಗೂ ಇಲ್ಲ ಹೊರಗೂ ಇಲ್ಲ. ಕಚೇರಿಗೆ ಬಂದು ಕೇಳಿದರೆ "ಫೈಲು ಮೇಲೆ ಇದೆ" ಅನ್ನುತ್ತಾರೆ. ಮೇಲೆ ಕೇಳಿದರೆ "ಕೆಳಗೆ ಬಂದಿದೆ" ಅನ್ನುತ್ತಾರೆ. ಮೆಟ್ಟಿಲು ಹತ್ತಿ ಇಳಿದು ಅವಳ ಚಪ್ಪಲಿ ಸವೆಯಿತು. ಹಳೆಯ ಗೋದಾಮಿನವರು ಅವಳನ್ನು ಮತ್ತೆ ಕರೆದಿದ್ದಾರೆ. ತಿಂಗಳ ಕೊನೆಯೊಳಗೆ ಹೇಳದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಅವಳಿಗೆ ಹೋಗಲು ಮನಸ್ಸಿಲ್ಲ. ದಿನಾ ಬೆಳಿಗ್ಗೆ ಕೆಲಸದ ಬೂಟು ಒರೆಸಿ ಬಾಗಿಲಲ್ಲಿ ಇಟ್ಟು, ಸಂಜೆ ಒಳಗೆ ತೆಗೆದಿಡುತ್ತಾಳೆ. ನಾನು ನೋಡದವನ ಹಾಗೆ ಪೇಪರು ಓದುತ್ತೇನೆ. ಅದನ್ನು ಇನ್ನು ನನ್ನಿಂದ ನೋಡಲಾಗುವುದಿಲ್ಲ. ಇದನ್ನು ಬರೆದಿರಲಿಲ್ಲ, ಬಾಯಿಗೆ ಬಂತು. ಕಾರ್ಯದರ್ಶಿಗಳು ಕ್ಷಮಿಸಬೇಕು.

ಕುರ್ಚಿ ಹಾಕಿದವರಿಗೆ, ಮೈಕು ಕಟ್ಟಿದವರಿಗೆ, ನೀರಿನ ಲೋಟ ಇಟ್ಟ ಹೆಣ್ಣುಮಗಳಿಗೆ, ಇಷ್ಟು ಹೊತ್ತು ಎದ್ದು ಹೋಗದೆ ಕೂತ ನಿಮಗೆಲ್ಲ ನನ್ನ ವಂದನೆಗಳು, ನಮಸ್ಕಾರ.

ಅಧ್ಯಕ್ಷರೇ, ನಿಮಗೂ ನಮಸ್ಕಾರ. ಬರುವ ಇಪ್ಪತ್ತೈದನೇ ತಾರೀಖು, ಸೋಮವಾರ, ಕಚೇರಿ ಬಾಗಿಲು ಹಾಕುವುದರೊಳಗೆ ಉತ್ತರ ಬೇಕು. ಅವಳು ಕೆಲಸಕ್ಕೆ ಬರಬಹುದೇ? ಹೌದು, ಅಥವಾ ಇಲ್ಲ. ನನಗಲ್ಲ, ಅವಳ ಹೆಸರಿಗೆ.