ಕಟ್ ಆತೇನ್ರಿ?

ವಿಜಾಪುರದಲ್ಲಿ ಸೆಕೆಂಡ್ ಶೋ ನೋಡಿ ತೊರವಿಗೆ ನಡೆದು ಬರುವವರು ಬಾವಡಿಯ ಹತ್ತಿರ ಮಾತು ನಿಲ್ಲಿಸುತ್ತಾರೆ. ಯಾಕೆ ಅಂತ ಕೇಳಿದರೆ, ಬೀಡಿ ಹಚ್ಚಬೇಕಿತ್ತು ಅನ್ನುತ್ತಾರೆ. ಬೀಡಿ ಸೇದದವರೂ ಹಾಗೇ ಅನ್ನುತ್ತಾರೆ.

ಇದು ನನ್ನ ಕಾಕಾನ ಮಗ ದಶರಥನ ಕಣ್ಣೆದುರು ನಡೆದದ್ದು. ದಶರಥ ಸುಳ್ಳು ಹೇಳುವುದಿಲ್ಲ. ಅದಕ್ಕೆ ಬೇಕಾದ ಕಲ್ಪನಾಶಕ್ತಿ ಅವನಿಗಿಲ್ಲ.

ಅರವತ್ತೆರಡನೆಯ ಇಸವಿ. ಮುಂಬಯಿಯ ಒಂದು ಸಿನಿಮಾ ಕಂಪನಿ ಬಂದು ಆ ಬಾವಡಿಯಲ್ಲಿ ಶೂಟಿಂಗ್ ಮಾಡಿತು. ಹಳೆಯ ಕಲ್ಲಿನ ಬಾವಿ, ನೀರಿನತನಕ ಮೆಟ್ಟಿಲು, ದಂಡೆಗೊಂದು ಆಲದ ಮರ. ಅದರಿಂದ ಊರಿಗಾದ ಲಾಭವೆಂದರೆ ಶಬ್ದಗಳು. ರೊಟ್ಟಿ ಸೀದರೆ ‘ಎನ್‌ಜಿ’, ಅಂದರೆ ಕೆಟ್ಟುಹೋದ ಟೇಕು; ಇನ್ನೊಂದು ಬಡಿದರೆ ‘ರೀಟೇಕ್’. ಅತ್ತೆ ಸೊಸೆ ಜಗಳಕ್ಕೆ ನಿಂತರೆ ಗಂಡಸರು ನಡುವೆ ಹೋಗಿ “ಕಟ್, ಕಟ್” ಅನ್ನತೊಡಗಿದರು. ಅದರಿಂದ ಜಗಳವೇನೂ ನಿಲ್ಲಲಿಲ್ಲ.

ಕಂಪನಿಗೆ ಜನ, ಎತ್ತು ಒದಗಿಸುವ ಗುತ್ತಿಗೆ ಬಸಗೊಂಡಪ್ಪ ಗೌಡನದು. ಊರಲ್ಲಿ ಅವನದು ದೊಡ್ಡ ಹೊಲ, ಹೊಲಕ್ಕಿಂತ ದೊಡ್ಡ ದನಿ. ಬಿಸಿಲನ್ನು ಮುಖದ ಮೇಲೆ ತಿರುಗಿಸುವ ಬೆಳ್ಳಿಹಾಳೆಯ ಹಲಗೆ, ಅದಕ್ಕೆ ರಿಫ್ಲೆಕ್ಟರ್ ಅನ್ನುತ್ತಾರೆ, ಅದನ್ನು ಹಿಡಿಯಲು ದಶರಥನನ್ನು ನಿಲ್ಲಿಸಿದ. ನಾಯಕಿ ಬಾವಿಗೆ ಹಾರುವ ದೃಶ್ಯವಿತ್ತು. ನಾಯಕಿಗೆ ನೀರೆಂದರೆ ನೆಗಡಿ. ಅವಳ ಸೀರೆಯುಟ್ಟು ಹಾರಲು ನಮ್ಮ ಓಣಿಯ ಪರಸವ್ವನ ಮಗಳು ಸತ್ಯವ್ವನನ್ನು ಕರೆತಂದರು. ಇಂಥವರ ಹೆಸರು ಡ್ಯೂಪ್. ಸತ್ಯವ್ವ ಹಳ್ಳದ ಮಡುವಿನಲ್ಲಿ ಎಮ್ಮೆಗಳ ಜೊತೆ ಈಜು ಕಲಿತವಳು. ಎಮ್ಮೆಗಳಿಗಿಂತ ಹೆಚ್ಚು ಹೊತ್ತು ಮುಳುಗಿರುತ್ತಿದ್ದಳು.

ತೊಡಕು ಒಂದೇ. ನೀರೊಳಗಿದ್ದವಳಿಗೆ ಡೈರೆಕ್ಟರನ ‘ಕಟ್’ ಕೇಳುವುದಿಲ್ಲ. ಕಟ್ ಆಗುವ ಮೊದಲೇ ತಲೆ ಮೇಲೆ ಬಂದರೆ ಟೇಕು ಎನ್‌ಜಿ. ಮೆಟ್ಟಿಲ ಕಲ್ಲಿಗೆ ಹಳೆಯ ಕಬ್ಬಿಣದ ಸರಪಳಿಯೊಂದಿತ್ತು, ಅರ್ಧ ನೀರೊಳಗೆ. ಕಟ್ ಅಂದ ಕೂಡಲೇ ಅದಕ್ಕೆ ಕಲ್ಲಿನಿಂದ ಹೊಡೆಯುವುದು ಅಂತಾಯಿತು. ಟಣ್... ಟಣ್... ನೀರೊಳಗೆ ಆ ಸಪ್ಪಳ ಚೆನ್ನಾಗಿ ಕೇಳುತ್ತದೆ. ಹೊಡೆಯುವ ಕೆಲಸ ಬಸಗೊಂಡಪ್ಪ ತಾನೇ ವಹಿಸಿಕೊಂಡ. ಕ್ಯಾಮೆರಾದ ಹತ್ತಿರ ನಿಲ್ಲಬಹುದಲ್ಲ.

“ಗ್ವಾಡಿ ಬಿರುಕಿನ್ಯಾಗ ಬೆರಳ ಸಿಗಸ್ಕೊಂಡು ಕೆಳಗ ಕುಂದರು. ಸರಪಳಿ ಸಪ್ಪಳ ಕೇಳೂತನಾ ಮ್ಯಾಲ ಬರಬ್ಯಾಡ,” ಅಂದ.

“ಆತ್ರಿ ಗೌಡ್ರ. ನೀವು ಮಾತ್ರ ಮರೀಬ್ಯಾಡ್ರಿ ಮತ್ತ,” ಅಂದಳು ಸತ್ಯವ್ವ, ನಗುತ್ತ.

“ಸೈಲೆನ್ಸ್!” ಅಂದರು. ಕ್ಲ್ಯಾಪ್ ಹಲಗೆ ಟಪ್ ಅಂದಿತು. “ಆ್ಯಕ್ಷನ್!” ಸತ್ಯವ್ವ ಹಾರಿದಳು. ನೀರು ಸೀಳಿ ಮುಚ್ಚಿಕೊಂಡಿತು. “ಕಟ್! ಓಕೆ!” ಎಲ್ಲರೂ ಚಪ್ಪಾಳೆ ತಟ್ಟಿದರು. ನಾಯಕಿ ಬಸಗೊಂಡಪ್ಪನ ಕಡೆ ತಿರುಗಿ, ಬಿಸಿಲು ಬಹಳ ಅನ್ನುವ ಹಾಗೆ ಹಣೆ ಮುಟ್ಟಿಕೊಂಡಳು. ಅವನು ಕೈಯಲ್ಲಿದ್ದ ಕಲ್ಲು ಕೆಳಗಿಟ್ಟು ಅವಳಿಗೆ ಛತ್ರಿ ಹಿಡಿಯಲು ಹೋದ.

ದಶರಥ ಆಚೆ ದಂಡೆಯಲ್ಲಿದ್ದ. ಸರಪಳಿ ಬಾರಿಸಿಲ್ಲ ಅಂತ ಅವನಿಗೆ ಹೊಳೆದು, ಕೂಗಿ, ಜನ ನೀರಿಗಿಳಿಯುವ ಹೊತ್ತಿಗೆ ತಡವಾಗಿತ್ತು. ಅವಳ ಬೆರಳು ಇನ್ನೂ ಬಿರುಕಿನಲ್ಲೇ ಇದ್ದವು.

ಪಂಚನಾಮೆಯಲ್ಲಿ ಬಸಗೊಂಡಪ್ಪ, ತಾನು ಬಾರಿಸಿದ್ದೆ, ಹುಡುಗಿಯೇ ಹಟ ಹಿಡಿದು ಮೇಲೆ ಬರಲಿಲ್ಲ ಅಂತ ಹೇಳಿದ. ಪರಸವ್ವ ಕೇಳಿದ್ದು ಒಂದೇ ಮಾತು.

“ಬಾರ್ಸಲಿಲ್ಲ ಅಂತ ನಾಕ ಮಂದ್ಯಾಗ ಹೇಳ್ರಿ ಯಪ್ಪಾ. ಸತ್ತಾಕಿ ಮ್ಯಾಲ ಯಾಕ ಹಾಕ್ತೀರಿ?”

ಅವನು ಹೇಳಲಿಲ್ಲ. ಕಂಪನಿಯವರು ‘ಪ್ಯಾಕಪ್’ ಅಂದರು. ಅದೂ ನಮಗೆ ಹೊಸ ಶಬ್ದವೇ.

ಮುಂದಿನ ವರ್ಷ ಸಿನಿಮಾ ವಿಜಾಪುರಕ್ಕೆ ಬಂತು. ಬಸಗೊಂಡಪ್ಪನಿಗೆ ನೋಡುವ ಆಸೆ. ರಾತ್ರಿ ಬಾವಡಿ ದಾಟಿ ಒಬ್ಬನೇ ಬರುವ ಆಸೆಯಿಲ್ಲ. ದಶರಥನಿಗೆ ಬೆಂಚಿನ ಟಿಕೀಟು ತೆಗೆಸಿ, ತಾನು ಕುರ್ಚಿಯಲ್ಲಿ ಕೂತು ನೋಡಿದ. ಆಟ ಬಿಟ್ಟ ಮೇಲೆ ಇಬ್ಬರೂ ತೊರವಿಯ ದಾರಿ ಹಿಡಿದರು. ಅರೆ ಬೆಳದಿಂಗಳು.

“ಲೇ ದಶರಥ, ಪಡದ್ಯಾಗ ನಮ್ಮ ಎತ್ತು ಕಂಡ್ವಲ್ಲೋ?”

“ಕಂಡ್ವುರಿ. ಸತ್ಯವ್ವನ ಬೆನ್ನೂ ಕಂಡ್ತರಿ.”

“ಅದನ್ಯಾಕ ತಗೀತೀಯೋ ಈ ಹೊತ್ತಿನ್ಯಾಗ...”

ಆಲದ ಮರ ಬಂತು. ವಟಗುಡುತ್ತಿದ್ದ ಕಪ್ಪೆಗಳು ಒಮ್ಮೆಲೇ ನಿಂತವು. ಬಾವಡಿಯೊಳಗಿನಿಂದ... ಗುಳುಕ್. ತಡೆದು ಇನ್ನೊಮ್ಮೆ... ಗುಳುಕ್. ಕೊಡ ಮುಳುಗುವಾಗ ಬರುವ ಸಪ್ಪಳ. ಆಮೇಲೆ ಒಂದು ಹೆಣ್ಣು ದನಿ. ಕೂಗಿದ್ದಲ್ಲ. ಉಸಿರು ಉಳಿಸಿಕೊಂಡು ಮಾತಾಡುವವರ ದನಿ.

“ಗೌಡ್ರ... ಕಟ್ ಆತೇನ್ರಿ?”

ಬಸಗೊಂಡಪ್ಪ ದಶರಥನ ರಟ್ಟೆ ಹಿಡಿದುಕೊಂಡ.

“ಆತು ಅನ್ರಿ,” ದಶರಥ ಪಿಸುಗುಟ್ಟಿದ. “ಬಾರ್ಸೂದ ಮರತೆ, ತಪ್ಪಾತು ಅನ್ರಿ.”

“ಹಂಗಂದ್ರ ಮ್ಯಾಲ ಬರ್ತಾಳಲೇ...”

“ಗೌಡ್ರ... ಕಟ್ ಆತೇನ್ರಿ?”

ಈ ಸಲ ದನಿ ಹತ್ತಿರವಿತ್ತು. ಬಸಗೊಂಡಪ್ಪ ತನ್ನ ದೊಡ್ಡ ದನಿಯಲ್ಲಿ ಕಿರುಚಿದ:

“ಇಲ್ಲ! ಇನ್ನೂ ಆಗಿಲ್ಲ! ಅಲ್ಲೇ ಇರು!”

ಗುಳುಕ್... ಆಮೇಲೆ, ಸಿಟ್ಟಿಲ್ಲದೆ, ಸಾವಕಾಶ:

“ಹಂಗಾರ... ನೀವೂ ಇರ್ರಿ.”

ಬಸಗೊಂಡಪ್ಪ ಇದ್ದಲ್ಲೇ ನಿಂತ. ಓಡಲು ಎತ್ತಿದ ಕಾಲು ಎತ್ತಿದಂತೆಯೇ ಇತ್ತು. ದಶರಥ ಜಗ್ಗಿದ, ಕಂಬ ಜಗ್ಗಿದ ಹಾಗಾಯಿತು. ಮೂಗಿನ ಹತ್ತಿರ ಕೈ ಹಿಡಿದ. ಗಾಳಿಯಿಲ್ಲ. ಕಣ್ಣುಗುಡ್ಡೆ ಮಾತ್ರ ಹೊರಳುತ್ತಿದ್ದವು. ದಶರಥನಿಗೆ ಕಲ್ಪನಾಶಕ್ತಿಯಿಲ್ಲ ಅಂದೆನಲ್ಲ, ಅದೇ ಬಸಗೊಂಡಪ್ಪನನ್ನು ಉಳಿಸಿತು. ನೀರೊಳಗೆ ಏನಿರಬಹುದು ಅಂತ ಯೋಚಿಸದೆ ಅವನು ಮೆಟ್ಟಿಲಿಳಿದು, ಕಲ್ಲೆತ್ತಿ ಸರಪಳಿಗೆ ಹೊಡೆದ. ಟಣ್... ಟಣ್... ಮೇಲಿಂದ ಬಸಗೊಂಡಪ್ಪ “ಹಾಆಆ” ಅಂತ ಉಸಿರೆಳೆದುಕೊಂಡ ಸಪ್ಪಳ ಬಂತು. ನೀರಿನಿಂದ ತಲೆ ಎತ್ತಿದವರ ಉಸಿರು.

ಅಲ್ಲಿಗೆ ಮುಗಿಯಲಿಲ್ಲ. ರೊಟ್ಟಿ ಮುರಿಯುವಾಗ, ಪಂಚಾಯಿತಿಯಲ್ಲಿ ಮಾತಾಡುವಾಗ, ಬಸಗೊಂಡಪ್ಪ ಹಾಗೇ ನಿಂತುಬಿಡುವನು. ಉಸಿರಿರುತ್ತಿರಲಿಲ್ಲ. ಅವನ ಹೆಂಡತಿ ಗುರುಸಿದ್ದವ್ವ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚನ್ನು ಸದಾ ಕೈಗೆ ಸಿಗುವಂತೆ ಇಟ್ಟುಕೊಂಡು, ಸೌಟಿನಿಂದ ಬಡಿಯುವಳು. ಟಣ್ ಅಂದರೆ ಉಸಿರು. ಪಂಚಾಯಿತಿಗೆ ಹೋದರೂ ಹಂಚು ಹಿಡಿದು ಹಿಂದೆ ಹೋಗುವಳು. ಸಭೆಗಳು ಬೇಗ ಮುಗಿಯತೊಡಗಿದವು ಅನ್ನುವುದು ಬೇರೆ ಮಾತು.

“ಒಂದ್ ಮಾತ ಹೇಳ್ರಲಾ,” ಅಂತ ಅವಳು ಅಳುವಳು. “ಪರಸವ್ವನ ಮನಿ ಏನ್ ಬಬಲೇಶ್ವರದಾಗೈತಿ? ಇಲ್ಲೇ ಐತಿ.”

“ನಾ ಆ ಓಣಿಗೆ ಹೋಗಿ ತಪ್ಪಾತು ಅನ್ಲಿ? ಜೀಂವ ಹ್ವಾದ್ರೂ ಇಲ್ಲ.”

ಬಸಗೊಂಡಪ್ಪ ಆಡಿದ ಮಾತಿಗೆ ತಪ್ಪುವವನಲ್ಲ ಅಂತ ಊರಲ್ಲಿ ಹೆಸರಿತ್ತು.

ಅದೊಂದು ಮುಂಜಾನೆ, ಹಾಡುಹಗಲು, ಕಟ್ಟೆಯ ಮೇಲೆ ಕೂತು ಚಹಾದ ಬಸಿ ತುಟಿಗೆ ಹಿಡಿದವನು ಹಾಗೇ ಉಳಿದ. ಗುರುಸಿದ್ದವ್ವ ಹಂಚಿಗೆ ಬಡಿದಳು. ಸೌಟು ಹಂಚಿಗೆ ತಾಗಿದ್ದು ಎಲ್ಲರಿಗೂ ಕಂಡಿತು. ಸಪ್ಪಳ ಬರಲಿಲ್ಲ. ಇನ್ನೂ ಜೋರಾಗಿ ಬಡಿದಳು. ಸೌಟು ಬಾಗಿತು. ಸಪ್ಪಳ ಬರಲಿಲ್ಲ. ಕೋಳಿ ಕೂಗಿದ್ದು ಕೇಳುತ್ತಿತ್ತು, ತಿಕೋಟಾದ ಬಸ್ಸು ಹಾರ್ನ್ ಹೊಡೆದದ್ದು ಕೇಳಿತು, ಅವಳು ಅಳುವುದು ಕೇಳುತ್ತಿತ್ತು. ಹಂಚಿನದು ಮಾತ್ರ ಇಲ್ಲ. ಬಸಗೊಂಡಪ್ಪನ ಕಣ್ಣು ಹಂಚಿನ ಮೇಲೇ ಹೊರಳುತ್ತಿದ್ದವು. ಆಮೇಲೆ ಹೊರಳುವುದು ನಿಲ್ಲಿಸಿದವು.

ಮಣ್ಣು ಮಾಡಿದ ದಿನವೇ ಗುರುಸಿದ್ದವ್ವ ಹಂಚನ್ನು ಬಗಲಲ್ಲಿಟ್ಟುಕೊಂಡು ನಮ್ಮ ಓಣಿಗೆ ಬಂದಳು. ಜನ ಕೂಡಿದರು. “ಪರಸವ್ವ, ಅವ್ರು ಸರಪಳಿ ಬಾರ್ಸಿರಲಿಲ್ಲ. ನಿನ್ನ ಮಗಳದೇನೂ ತಪ್ಪಿಲ್ಲ,” ಅಂದಳು. ಹಂಚನ್ನು ಹೊಸ್ತಿಲ ಮೇಲಿಟ್ಟು, “ಇದು ನನ್ನ ಮನ್ಯಾಗ ಬ್ಯಾಡವಾ,” ಅಂತ ಹೋದಳು.

ಪರಸವ್ವ ಕಬ್ಬಿಣವನ್ನು ಬಿಸಾಡುವ ಹೆಂಗಸಲ್ಲ. ಅದರಲ್ಲೇ ಈಗ ರೊಟ್ಟಿ ಬೇಯಿಸುತ್ತಾಳೆ. ಚೆನ್ನಾಗಿ ಬೇಯುತ್ತವೆ, ನಾನೂ ತಿಂದಿದ್ದೇನೆ. ಆದರೆ ಹಂಚಿಗೆ ಯಾವುದರಿಂದ ಬಡಿದರೂ ಸಪ್ಪಳವಿಲ್ಲ. ಸುಳ್ಳಲ್ಲ. ನಾನೇ ಬಡಿದು ನೋಡಿದ್ದೇನೆ.