ರಿಪೋರ್ಟ್ ಓದಿದ ಸೊಸೆ

ಲ್ಯಾಬಿನ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಅತ್ತೆ, ಸೊಸೆ ಕೂತಿದ್ದರು. ಸೊಸೆಯ ಕೈಯಲ್ಲಿ ಅವಳದೇ ಹರ್ಪಿಸ್ ರಕ್ತಪರೀಕ್ಷೆಯ ರಿಪೋರ್ಟ್ ಇತ್ತು.

“ಪಾಸಿಟಿವ್ ಅಂತಿದೆಯಲ್ಲೇ?”

“ಅದು ಟೈಪ್ ಒನ್, ಅತ್ತೆ. ತುಟಿ ಮೇಲೆ ಗುಳ್ಳೆ ಏಳುತ್ತಲ್ಲ, ಹೆಚ್ಚಾಗಿ ಅದರದ್ದು. ಲೈಂಗಿಕ ಸಂಪರ್ಕದಿಂದ ಹೆಚ್ಚಾಗಿ ಅಂಟೋ ಟೈಪ್ ಟೂ ನೆಗೆಟಿವ್ ಬಂದಿದೆ.”

“ಯಾರಿಂದ ಬಂತು, ಯಾವಾಗ ಬಂತು ಅಂತ ಬರೆದಿದಾರಾ? ನನ್ನ ಮಗ ಅದನ್ನೇ ಹಿಡ್ಕೊಂಡು ಕೂತಿದಾನೆ.”

“ಈ ಪರೀಕ್ಷೆ ಅದನ್ನ ಹೇಳಲ್ಲ. ಎಷ್ಟೋ ಜನಕ್ಕೆ ಚಿಕ್ಕಂದಿನಲ್ಲೇ ಅಂಟಿರುತ್ತಂತೆ. ಡಾಕ್ಟರ್ ಹತ್ರ ಮೂರು ಸಲ ಕೇಳಿ ತಿಳ್ಕೊಂಡೆ.”

“ಜ್ವರ ಬಂದಾಗಲೆಲ್ಲ ತುಟಿ ತುಂಬ ಗುಳ್ಳೆ ಎಬ್ಬಿಸ್ಕೊಂಡು ನನ್ನ ಮಡಿಲಲ್ಲಿ ಅಳ್ತಿದ್ದೋನು ಅವನು. ಈಗ ನಿನ್ನ ಮೇಲೆ ಗೂಬೆ ಕೂರಿಸ್ತಾನಾ? ನಡಿ, ನಾನು ಹೇಳ್ತೀನಿ ಅವನಿಗೆ.”

“ಬೇಡ ಅತ್ತೆ. ನಾನೇ ಓದಿ ಹೇಳ್ತೀನಿ. ನೀವು ಪಕ್ಕದಲ್ಲಿ ಕೂತಿರಿ, ಸಾಕು.”

ಅತ್ತೆ ಅವಳ ಬೆನ್ನು ತಟ್ಟಿದರು. ಆಮೇಲೆ ಎದುರಿಗಿದ್ದ ನರ್ಸಿಗೆ ಕೇಳುವಂತೆ ಜೋರಾಗಿಯೇ ಹೇಳಿದರು.

“ನಮ್ಮ ಸೊಸೆ ಕಣಮ್ಮಾ. ಹೊಲಿಗೆ ಕೆಲಸ ಮಾಡ್ತಾಳೆ. ಡಾಕ್ಟರನ್ನೇ ಕೂರಿಸ್ಕೊಂಡು ಪ್ರಶ್ನೆ ಕೇಳಿ ಬಂದಿದಾಳೆ!”

ಸೊಸೆ ನಾಚಿಕೊಂಡು ಎದ್ದಳು. ಅತ್ತೆ ಅವಳ ಚೀಲವನ್ನು ತಾವೇ ಹೆಗಲಿಗೆ ಹಾಕಿಕೊಂಡು, ಅವಳನ್ನು ಮುಂದೆ ಬಿಟ್ಟು, ಹಿಂದೆ ನಡೆದರು.